ಗೋಡೆಯಾಚೆಯ ಕೂಲಿ

ಒಂದು ರೇಷ್ಮೆ ಸೀರೆಯ ಮಜೂರಿಯಲ್ಲಿ ಯಾರ ಪಾಲು ಎಷ್ಟು ಅಂತ ನಾನು ಮೊದಲು ಕೇಳಿದ್ದು ಅಪ್ಪನನ್ನು. ಆಗ ನನಗೆ ಏಳೆಂಟು ವರ್ಷ. ನಮ್ಮೂರು ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿನ ಕಡೆ ಸೇರಿಕೊಂಡಿತ್ತು. ಅದರ ಹಿಂದೆಯೇ ಆಣೆ ಹೋಗಿ ನಯಾಪೈಸೆ ಬಂದಿತ್ತು. ರೂಪಾಯಿಯನ್ನು ಹದಿನಾರು ಪಾಲು ಮಾಡಿ ರೂಢಿಯಾಗಿದ್ದವರು ನೂರು ಪಾಲು ಮಾಡಲು ಒದ್ದಾಡುತ್ತಿದ್ದ ಕಾಲ ಅದು. ಸ್ಕೂಲಿನಲ್ಲಿ ಮೇಷ್ಟರು ದಿನವಿಡೀ ಅದೇ ಲೆಕ್ಕ ಮಾಡಿಸುತ್ತಿದ್ದರು. ಏನು ಕಂಡರೂ ಪಾಲು ಹಾಕಿ ನೋಡುವ ಹುಚ್ಚು ನನಗೆ ಹಿಡಿದದ್ದು ಆಗಲೇ ಇರಬೇಕು.

ನಮ್ಮದು ನೇಯುವವರ ಬೀದಿ. ಮನೆಗೊಂದು ಮಗ್ಗ. ಅಪ್ಪ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ಅವ್ವನೂ ಅಕ್ಕನೂ ರಾಟೆಯ ಮುಂದೆ ಕೂತು ರೇಷ್ಮೆಯ ಎಳೆಯನ್ನು ಬೆರಳುದ್ದದ ಕಡ್ಡಿಗೆ ಸುತ್ತುತ್ತಿದ್ದರು. ಹಾಗೆ ಸುತ್ತಿದ ಕಡ್ಡಿಗೆ ಕಂಡಿಕೆ ಅನ್ನುತ್ತೇವೆ. ಅದನ್ನು ಲಾಳಿಯೊಳಗೆ ಕೂರಿಸಿದರೆ ಮಾತ್ರ ಮಗ್ಗ ಓಡುತ್ತದೆ. ಅಪ್ಪ ಒಂದು ಕಂಡಿಕೆ ಮುಗಿಸಿ ಕೈಯನ್ನು ಹಿಂದಕ್ಕೆ ಚಾಚುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ. ಆ ಕೈಗೆ ಇನ್ನೊಂದು ಕಂಡಿಕೆ ಬಂದು ಸೇರಲೇಬೇಕು. ಬರುವುದು ಒಂದು ಗಳಿಗೆ ತಡವಾದರೆ, "ಏನು, ಎಲ್ರೂ ನಿದ್ದೆ ಓದ್ರಾ?" ಅನ್ನುತ್ತಿದ್ದ.

ನೂಲು, ಜರಿ ಎರಡೂ ಸಾಹುಕಾರರದು. ಮಗ್ಗದಿಂದ ಸೀರೆ ಇಳಿಸಿದ ದಿನ ಅಪ್ಪ ಅದನ್ನು ಮಡಿಸಿ ಬಿಳಿ ಪಂಚೆಯಲ್ಲಿ ಸುತ್ತಿ ಅವರ ಅಂಗಡಿಗೆ ಒಯ್ಯುತ್ತಿದ್ದ. ಮಜೂರಿ ತಂದವನು ದೇವರ ಪಟದ ಮುಂದಿಟ್ಟು ಕೈ ಮುಗಿದು, ಆಮೇಲೆ ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಿದ್ದ. ಬೀಗದ ಕೈ ಅವನ ಉಡಿದಾರದಲ್ಲಿ. ರಾಗಿ, ಎಣ್ಣೆ, ಅವನ ನಶ್ಯ, ನಮ್ಮ ಲಂಗದ ಬಟ್ಟೆ, ಅವ್ವನ ಸೀಗೆಕಾಯಿ, ಎಲ್ಲವೂ ಆ ಪೆಟ್ಟಿಗೆಯಿಂದಲೇ ಬರಬೇಕು. ಅಪ್ಪ ಜುಗ್ಗನಲ್ಲ, ಕೇಳಿದರೆ ಇಲ್ಲ ಅಂದವನಲ್ಲ. ಆದರೆ ಕೇಳಬೇಕಿತ್ತು.

"ಅಪ್ಪ, ಈ ದುಡ್ನಲ್ಲಿ ಅವ್ವುಂದೆಷ್ಟು?" ಅಂದೆ.

"ಎಲ್ಲಾನೂ ಅವಳ್ದೇ ಕಣಮ್ಮಿ" ಅಂದ, ಬಹಳ ಉದಾರವಾಗಿ.

"ಮತ್ತೆ ಬೀಗದ ಕೈ ನಿನ್ತಾವ್ ಯಾಕದೆ?"

ಅಪ್ಪ ಜೋರಾಗಿ ನಕ್ಕ. ಅಂದಿನಿಂದ ನನ್ನನ್ನು ಲಾಯರಮ್ಮ ಅಂತ ಕರೆಯತೊಡಗಿದ. ಅವ್ವ ಮಾತ್ರ ಒಳಗೆ ಕರೆದು ತೊಡೆ ಚಿವುಟಿದಳು. ಅವಳನ್ನೂ ಕೇಳದೆ ಬಿಡಲಿಲ್ಲ. "ಸಾರಲ್ಲಿ ಉಪ್ಪುಂದೆಷ್ಟು, ಹುಣಸೆಹಣ್ಣುಂದೆಷ್ಟು ಅಂತ ಕೇಳ್ದಂಗದೆ ನಿನ್ ಮಾತು. ಓಗಿ ರಾಟೆ ತಿರುಗ್ಸೋಗು" ಅಂದಳು. ಉಪ್ಪಿಲ್ಲದ ಸಾರನ್ನು ಯಾರೂ ಉಣ್ಣುವುದಿಲ್ಲವಲ್ಲ ಅಂತ ಹೇಳಬೇಕೆನಿಸಿತು. ತೊಡೆ ಇನ್ನೂ ಉರಿಯುತ್ತಿತ್ತು, ಹೋಗಿ ರಾಟೆ ತಿರುಗಿಸಿದೆ.

ಅವ್ವನ ತವರು ಹನೂರು. ಅಲ್ಲಿ ಮಗ್ಗವಿಲ್ಲ, ಮಳೆ ನಂಬಿದ ಹೊಲ. ರಜೆಯಲ್ಲಿ ಹೋದಾಗ ಕಳೆ ಕೀಳಲು ಶಾಗ್ಯದ ಕಡೆಯಿಂದ ಹೆಂಗಸರು ಬರುತ್ತಿದ್ದರು. ಬಡವರು, ನಮಗಿಂತ ಎಷ್ಟೋ ಬಡವರು. ಮಧ್ಯಾಹ್ನಕ್ಕೆ ತಂಗಳು ಮುದ್ದೆ ತರುತ್ತಿದ್ದರು. ಆದರೆ ಸಂಜೆ ಅಜ್ಜ ಕೂಲಿ ಕೊಟ್ಟಾಗ ಒಬ್ಬೊಬ್ಬರೂ ತಮ್ಮ ತಮ್ಮ ಕೈಗೆ ತೆಗೆದುಕೊಂಡು, ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಅವ್ವ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ನಾನು ಅವ್ವನ ಸೆರಗಿನ ತುದಿ ನೋಡುತ್ತಿದ್ದೆ. ರೇಷ್ಮೆ ಮುಟ್ಟಿ ದುಡಿಯುವವಳ ಸೆರಗಿನಲ್ಲಿ ಗಂಟಿರಲಿಲ್ಲ, ಮಣ್ಣು ಮುಟ್ಟಿ ದುಡಿಯುವವಳ ಸೆರಗಿನಲ್ಲಿತ್ತು. ಇದು ಹೇಗೆ ಅಂತ ತುಂಬ ದಿನ ಯೋಚಿಸಿದೆ. ಮನೆ ಶ್ರೀಮಂತರದೋ ಬಡವರದೋ ಅನ್ನುವುದು ಒಂದು ಪ್ರಶ್ನೆ, ಮನೆಯೊಳಗೆ ಯಾರ ಹತ್ತಿರ ಎಷ್ಟಿದೆ ಅನ್ನುವುದು ಬೇರೆಯೇ ಪ್ರಶ್ನೆ ಅಂತ ಆಗ ಹೇಳಲು ಬರುತ್ತಿರಲಿಲ್ಲ, ಅಷ್ಟೇ.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಅಕ್ಕ ರೇಷ್ಮೆ ಫ್ಯಾಕ್ಟರಿಗೆ ಸೇರಿದಳು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಕೆಲಸ, ವಾರಕ್ಕೊಮ್ಮೆ ಬಟವಾಡೆ. ಹೆಣ್ಣುಮಕ್ಕಳನ್ನು ಕಳಿಸಲು ಬೀದಿಯವರು ಮೊದಮೊದಲು ಮೂಗು ಮುರಿದರು. ಆಮೇಲೆ ಒಬ್ಬೊಬ್ಬರೇ ಕಳಿಸಿದರು. ಅಕ್ಕ ಬಟವಾಡೆಯ ದಿನ ನೆಟ್ಟಗೆ ಮನೆಗೆ ಬಂದು ದುಡ್ಡನ್ನು ಅಪ್ಪನ ಕೈಗೆ ಕೊಡುತ್ತಿದ್ದಳು. ಬೆರಳೆಲ್ಲ ಬಿಸಿನೀರಿಗೆ ಬಿಳಿಚಿಕೊಂಡು ಸುಕ್ಕಾಗಿರುತ್ತಿತ್ತು, ಮೈಯೆಲ್ಲ ಬೆಂದ ಹುಳುವಿನ ನಾತ. ಅಪ್ಪ ಅದನ್ನೂ ದೇವರ ಮುಂದಿಟ್ಟು ಪೆಟ್ಟಿಗೆಗೆ ಹಾಕುತ್ತಿದ್ದ. ಅವನಿಗೆ ತುಂಬ ಖುಷಿ. ಮಗ್ಗದ ದುಡ್ಡು ಇದ್ದ ಹಾಗೇ ಇದೆ, ಮೇಲೆ ಇದೊಂದು ಬಂತು ಅಂತ ಅವನ ಲೆಕ್ಕ.

ಆದರೆ ಮಗ್ಗದ ದುಡ್ಡು ಇದ್ದ ಹಾಗೇ ಇರಲಿಲ್ಲ. ಅಕ್ಕ ಸುತ್ತುತ್ತಿದ್ದ ಕಂಡಿಕೆಗಳನ್ನು ಈಗ ಯಾರೂ ಸುತ್ತದೆ, ಅಪ್ಪ ಹಿಂದಕ್ಕೆ ಚಾಚಿದ ಕೈ ಬರಿದಾಗಿಯೇ ಕಾಯುತ್ತಿತ್ತು. ಸೀರೆಯಿಂದ ಸೀರೆಗೆ ದಿನ ಹೆಚ್ಚಾಗುತ್ತ ಹೋಯಿತು. ಇಷ್ಟು ವರ್ಷ ಅಕ್ಕ ಮನೆಯಲ್ಲಿ ಏನೂ ಸಂಪಾದಿಸುತ್ತಿರಲಿಲ್ಲ ಅಂದುಕೊಂಡಿದ್ದವರಿಗೆ ಅವಳು ಹೋದ ಮೇಲೆ ಸಂಪಾದನೆ ಕಡಿಮೆಯಾದದ್ದು ಯಾಕೆ ಅಂತ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಗೊತ್ತಾಗಿ ಹೇಳಿಯೂ ಹೇಳಿದೆ. ಅದೇ ನನಗೆ ಮುಳುವಾಯಿತು.

"ಸರಿಯಾಗ್ ಯೋಳ್ದೆ ಲಾಯರಮ್ಮ. ಏಳ್ನೇ ಕ್ಲಾಸು ಮುಗೀತಲ್ಲ, ಇನ್ ಮನೇಲಿರು. ನೀನು ಸುತ್ತು" ಅಂದ ಅಪ್ಪ.

ನಾನು ಹೈಸ್ಕೂಲಿಗೆ ಸೇರಬೇಕಾಗಿತ್ತು. ಸೇರಿಸಿಕೊಳ್ಳುವುದು ಜೂನ್ ಕೊನೆಯವರೆಗೆ ಮಾತ್ರ. ಫೀಜು, ಪುಸ್ತಕ, ಎರಡು ಲಂಗ ಬೇಕು. ಅವ್ವ ಮೊದಲು ಒಂದು ದಾರಿ ಹೇಳಿದಳು. ಕೋಳಿ ಕೂಗುವ ಮುಂಚೆ ಎದ್ದು ಅಕ್ಕನ ಪಾಲಿನದನ್ನೂ ತಾನೇ ಸುತ್ತುತ್ತೇನೆ, ಇವಳನ್ನು ಕಳಿಸಿ ಅಂದಳು. ಸುತ್ತಿಯೂ ತೋರಿಸಿದಳು. ಮಗ್ಗ ಮತ್ತೆ ಓಡಿತು. ಆಗ ಅಪ್ಪ ಫೀಜಿನ ಮಾತೆತ್ತಿದ. ಅಷ್ಟು ದುಡ್ಡು ಹುಡುಗಿಯ ಓದಿಗೆ ಹಾಕಲು ಪೆಟ್ಟಿಗೆಯಲ್ಲಿ ಇಲ್ಲ ಅಂದ. ಅಕ್ಕ ಮೆಲ್ಲಗೆ, "ನನ್ ಬಟವಾಡೇಲಿ ಕೊಡಪ್ಪ" ಅಂದಳು.

"ಅದು ನಿನ್ ಮದ್ವೇದು. ಅದ್ನ ಮುಟ್ಟಂಗಿಲ್ಲ" ಅಂದ ಅಪ್ಪ.

"ಹಂಗಾದ್ರೆ ನಾನು ಸುತ್ತಿದ್ಕೆ ಕೊಡಿ. ಇವಳಕ್ಕ ಮಾಡ್ತಿದ್ದ ಕೆಲ್ಸಾನೂ ನಾನೇ ಮಾಡ್ತಾ ಇವ್ನಿ" ಅಂದಳು ಅವ್ವ.

ಅಪ್ಪ ನಿಜವಾಗಿಯೂ ಬೆಚ್ಚಿದ. ಸಿಟ್ಟಿಗಿಂತ ಹೆಚ್ಚಾಗಿ ಅವನ ಮುಖದಲ್ಲಿ ಗಾಬರಿಯಿತ್ತು. "ಮನೆ ಹೆಂಗ್ಸಿಗೆ ಕೂಲಿ ಕೊಡಾದಾ? ನಾಲ್ಕ್ ಜನ ಕೇಳುದ್ರೆ ನನ್ನ ಏನಂತಾರೆ? ನೀನೇನ್ ಕೂಲಿಯೋಳಾ?" ಅಂದ. ಅವನ ಮಟ್ಟಿಗೆ ಅದು ಅವ್ವನ ಮೇಲಿನ ಗೌರವದ ಮಾತೇ ಆಗಿತ್ತು. ಆ ಗೌರವದಿಂದ ನನ್ನ ಹೈಸ್ಕೂಲು ಕೈತಪ್ಪುತ್ತಿತ್ತು. ನಾನು ಆ ದಿನ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅವ್ವ ಸಮಾಧಾನ ಮಾಡಲು ಬರಲಿಲ್ಲ. ಅವಳು ಗೋಡೆಯಾಚೆಯ ಮನೆಗೆ ಹೋಗಿದ್ದಳು.

ಗೋಡೆಯಾಚೆಯ ಮನೆಯವರನ್ನು ನಾನು ಅತ್ತೆ, ಮಾವ ಅಂತ ಕರೆಯುತ್ತಿದ್ದೆ. ನೆಂಟರಲ್ಲ, ಬೀದಿಯ ವರಸೆ. ಅವರದೂ ಒಂದೇ ಮಗ್ಗ. ಮಾವ ನೇಯುತ್ತಿದ್ದರು, ಅತ್ತೆ ಕಂಡಿಕೆ ಸುತ್ತುತ್ತಿದ್ದರು. ಎರಡೂ ಮನೆಗೆ ಗೋಡೆ ಒಂದೇ, ಆಚೆ ಮಗ್ಗ ನಿಂತರೆ ನಮಗೆ ಕೇಳುತ್ತಿತ್ತು. ಈಗ ನಮ್ಮ ಬೀದಿಯ ಒಂದು ನಡತೆಯನ್ನು ಹೇಳಬೇಕು. ಹಬ್ಬದ ಅಡುಗೆಗೆ, ಹೆರಿಗೆಗೆ, ಸಾವಿಗೆ ಯಾರು ಯಾರ ಮನೆಗೆ ಬೇಕಾದರೂ ನುಗ್ಗಿ ದುಡಿಯುತ್ತಿದ್ದರು. ಆದರೆ ಮಗ್ಗದ ಕೆಲಸವನ್ನು ಇನ್ನೊಂದು ಮನೆಯವರ ಕೈಯಲ್ಲಿ ಬಿಟ್ಟಿ ಮಾಡಿಸಿಕೊಳ್ಳುವುದು ಮರ್ಯಾದೆಗೇಡು. ಹೆಂಡತಿಗೆ ಕೂಲಿ ಕೊಡುವುದು ಒಂದು ಅವಮಾನವಾದರೆ, ಪರರ ಮನೆಯ ಹೆಂಗಸಿಗೆ ಕೂಲಿ ಕೊಡದಿರುವುದು ಅದರ ಎರಡರಷ್ಟು. ಅವ್ವ ಯಾವ ಸ್ಕೂಲಿಗೂ ಹೋದವಳಲ್ಲ, ಆದರೆ ಗಂಡಸರ ಈ ಎರಡು ಅವಮಾನಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದಳು.

ಮಾರನೆಯ ದಿನ ಅಡುಗೆ ಮುಗಿಸಿ ಅವ್ವ ಕೈ ಒರೆಸಿಕೊಂಡು, "ನಾನು ಆಚೆ ಮನೆ ಮಗ್ಗಕ್ಕೆ ಸುತ್ತಕ್ಕೋಯ್ತೀನಿ. ಕೂಲಿಗೆ ಒಪ್ಕಂಡಿವ್ನಿ" ಅಂತ ಹೊರಟಳು. ಅಪ್ಪ ಗುಂಡಿಯಲ್ಲಿ ಕೂತವನು ಕೂತೇ ಇದ್ದ. ನನಗೆ ಸುತ್ತು ಅಂದ. ನಾನು ಬೇಕೆಂದೇ ಎಳೆ ಹರಿಯುತ್ತ ಕೂತೆ; ಅದಕ್ಕೆ ನನಗೆ ಈಗಲೂ ಏನೂ ಅನ್ನಿಸುವುದಿಲ್ಲ. ಮದುವೆ ಕಾಲದ ಸೀರೆ, ಸಾಹುಕಾರರು ದಿನಾ ಆಳು ಕಳಿಸುತ್ತಿದ್ದರು. ಎರಡನೆಯ ದಿನ ಅತ್ತೆ ಎಲೆಅಡಕೆ ಜಗಿಯುತ್ತ ಬಂದು ಬಾಗಿಲಲ್ಲಿ ನಿಂತರು.

"ನಮ್ಮನೇಲಿ ನಂಗೆ ಕೆಲ್ಸ ಇಲ್ದಂಗಾಗದೆ ಕಣಣ್ಣ, ಕೂಲಿಯೋಳು ಬಂದವ್ಳೆ. ನಿನ್ ಮಗ್ಗಕ್ಕೆ ಬೇಕಾದ್ರೆ ಯೋಳು, ಸುತ್ಕೊಡ್ತೀನಿ. ಕೂಲಿ ಮಾತ್ರ ಸಂತೆ ಹಿಂದಿನ್ ದಿನ ಕೈಗೆ ಬರ್ಬೇಕು."

ಅಪ್ಪನಿಗೆ ಆಗಲೇ ಅರ್ಥವಾಗಬೇಕಿತ್ತು. ಆಗಲಿಲ್ಲ. ಬೇರೆ ಮನೆಯ ಹೆಣ್ಣುಮಗಳು ತಾನಾಗಿ ಬಂದು ಸಹಾಯ ಮಾಡುತ್ತೇನೆ ಅನ್ನುವಾಗ ಚೌಕಾಸಿ ಮಾಡುವುದು ಹೇಗೆ? ಒಪ್ಪಿಕೊಂಡ. ಹೀಗೆ ನಮ್ಮವ್ವ ಗೋಡೆಯ ಆ ಕಡೆ ಕೂತು ಮಾವನ ಮಗ್ಗಕ್ಕೆ ಸುತ್ತಿದಳು, ಅತ್ತೆ ಗೋಡೆಯ ಈ ಕಡೆ ಕೂತು ಅಪ್ಪನ ಮಗ್ಗಕ್ಕೆ ಸುತ್ತಿದರು. ಅದೇ ರಾಟೆ, ಅದೇ ರೇಷ್ಮೆ. ಇಬ್ಬರೂ ಗೋಡೆಯ ಮೇಲಿಂದ ಕೂಗಿ ಮಾತಾಡಿಕೊಳ್ಳುತ್ತಿದ್ದರು. ಬೇಳೆಗೆ ನೀರು ಹಾಕು ಅಂತ ಅತ್ತೆ ಆ ಕಡೆಗೆ ಹೇಳಿದರೆ, ಒಲೆ ನೋಡಿಕೋ ಅಂತ ಅವ್ವ ಈ ಕಡೆಗೆ ಹೇಳುತ್ತಿದ್ದಳು. ಗಂಡಸರಿಬ್ಬರೂ ನೇಯುತ್ತಿದ್ದರು.

ಜೂನ್ ಮುಗಿಯುವ ಮೊದಲು ಅವ್ವ ನನ್ನನ್ನು ಕರೆದುಕೊಂಡು ಹೈಸ್ಕೂಲಿಗೆ ಹೋದಳು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಯಜಮಾನ್ರು ಬರ್ಲಿಲ್ವೇನಮ್ಮ?" ಅಂದರು. "ಮಗ್ಗದ್ ಮೇಲವ್ರೆ ಸಾ" ಅಂತ ಅವ್ವ ಸೆರಗಿನ ತುದಿಯನ್ನು ಸೊಂಟದಿಂದ ಎಳೆದು ಗಂಟು ಬಿಚ್ಚಿದಳು. ಗಟ್ಟಿಯಾಗಿ ಬಿಗಿದಿದ್ದಳು, ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಗುಮಾಸ್ತರು ತಲೆ ತಗ್ಗಿಸಿ ಕಾದರು. ಅಷ್ಟು ಸಂತೋಷ ನನಗೆ ಆಮೇಲೆ ಪರೀಕ್ಷೆ ಪಾಸಾದಾಗಲೂ ಆಗಲಿಲ್ಲ.

ಗುಟ್ಟು ರಟ್ಟಾದದ್ದು ಜಗಲಿಯ ಮೇಲೆ. ಸಂತೆಯ ಹಿಂದಿನ ದಿನ ಅಪ್ಪ ಅತ್ತೆಗೆ ಕೂಲಿ ಕೊಡಲು ನಮ್ಮ ಜಗಲಿಗೆ ಬಂದ. ಅದೇ ಹೊತ್ತಿಗೆ ಮಾವ ಅವ್ವನಿಗೆ ಕೊಡಲು ತಮ್ಮ ಜಗಲಿಗೆ ಬಂದರು. ಇಬ್ಬರೂ ಕೈಯಲ್ಲಿ ದುಡ್ಡು ಹಿಡಿದು ಒಬ್ಬರನ್ನೊಬ್ಬರು ನೋಡಿದರು.

"ಅಲ್ಲ ಕಣ್ಲಾ, ನಾನು ನಿನ್ ಹೆಂಡ್ರಿಗೆ ಕೊಡಾದು, ನೀನು ನನ್ ಹೆಂಡ್ರಿಗೆ ಕೊಡಾದು. ಏನ್ಲಾ ಇದು?" ಅಂದರು ಮಾವ.

"ಎಷ್ಟ್ ಕೊಡ್ತಿದ್ದೀಯ ನೀನು?" ಅಂದ ಅಪ್ಪ. ಇಬ್ಬರದೂ ಒಂದೇ ದರ.

"ಹಂಗಾರೆ ನಂದೇನು ಕಮ್ಮಿ ಆಗ್ಲಿಲ್ಲ, ನಿಂದೇನು ಕಮ್ಮಿ ಆಗ್ಲಿಲ್ಲ" ಅಂದರು ಮಾವ, ಬೆರಳು ಮಡಿಸುತ್ತ. "ಆದ್ರೂ ನನ್ ಜೇಬು ಖಾಲಿ ಯಾಕಾಗದೆ?"

ಅತ್ತೆ ನಗು ತಡೆಯಲಾರದೆ ಒಳಗೆ ಓಡಿದರು. ನಾನೂ ನಕ್ಕೆ. ಮಾವನ ಆ ಪ್ರಶ್ನೆ ನನಗೆ ತುಂಬ ಹಿಡಿಸಿತು. ಎರಡೂ ಮನೆಗೆ ಬಂದ ದುಡ್ಡು ಮೊದಲಿನಷ್ಟೇ. ಹೊರಗಿನಿಂದ ಲೆಕ್ಕ ಬರೆಯುವವರು ಯಾರಾದರೂ ಬಂದಿದ್ದರೆ ಈ ಬೀದಿಯಲ್ಲಿ ಏನೂ ಬದಲಾಗಿಲ್ಲ ಅಂತ ಬರೆದುಕೊಂಡು ಹೋಗುತ್ತಿದ್ದರು.

ಆ ಸಂಜೆ ಅಪ್ಪ ಅವ್ವನನ್ನು ಕರೆದು ಕೂರಿಸಿಕೊಂಡ. ಗದರಲಿಲ್ಲ. ಬೀದಿಯವರು ನಗುವುದು ಅವನಿಗೆ ಆಗಲೇ ಕೇಳಿಸುತ್ತಿತ್ತು. "ಮನೆಗೆ ಬಂದ್ಬುಡು. ಇವಳ ಸ್ಕೂಲು ಬಿಡ್ಸಾಕಿಲ್ಲ. ಬೇಕಾದ್ರೆ ದೇವ್ರ್ ಮುಂದೆ ಮಾತ್ ಕೊಡ್ತೀನಿ" ಅಂದ.

"ನಿಮ್ ಮಾತು ಒಳ್ಳೇದೇ. ಆದ್ರೆ ವರ್ಷ ವರ್ಷ ಫೀಜು ಬಂದಾಗ್ಲೆಲ್ಲ ನಾನು ಅದ್ನ ನಿಮ್ಗೆ ನೆನಪ್ ಮಾಡ್ತಾ ಕುಂತಿರಬೇಕಾಯ್ತದೆ. ಕೂಲಿ ಕೊಡಿ. ಆಚೆ ಮನೇಲಿ ಎಷ್ಟ್ ಕೊಡ್ತಿದ್ರೋ ಅಷ್ಟೇಯ" ಅಂದಳು ಅವ್ವ.

ಮುಂದಿನ ವಾರ ಅಪ್ಪ ಕೂಲಿಯನ್ನು ದೇವರ ಪಟದ ಮುಂದಿಟ್ಟು, ತಗೋ ಅನ್ನುವಂತೆ ಗೋಣು ಆಡಿಸಿದ. ಅವ್ವ ಕದಲಲಿಲ್ಲ, ಕೈ ಚಾಚಿ ನಿಂತಳು. ಅವನು ಎತ್ತಿ ಕೈಗೇ ಕೊಟ್ಟ. ಕೊಡುವಾಗ ಮದುವೆಯ ಗಂಡಿನ ಹಾಗೆ ನಾಚಿದ್ದನ್ನು ನಾನೂ ಅಕ್ಕನೂ ಬಾಗಿಲ ಸಂದಿಯಿಂದ ನೋಡಿದೆವು.

ಆಮೇಲೆ ಬೀದಿಯಲ್ಲಿ ಕಂಡಿಕೆಗೊಂದು ದರ ಅಂತ ಆಯಿತು. ಎಲ್ಲ ಮನೆಯಲ್ಲೂ ಅಲ್ಲ. ಕೊನೆಯ ಮನೆಯವನೊಬ್ಬ ಹೆಂಡತಿ ಕೂಲಿ ಕೇಳಿದಳು ಅಂತ ರಾಟೆಯನ್ನು ಬೀದಿಗೆಸೆದ, ಮೂರು ದಿನ ಮಗ್ಗ ನಿಂತ ಮೇಲೆ ತಾನೇ ಎತ್ತಿಕೊಂಡು ಹೋಗಿ ರಿಪೇರಿ ಮಾಡಿಸಿದ. ನಮ್ಮ ಮನೆಯಲ್ಲಿ ಒಮ್ಮೆ ಸೀರೆ ಇಳಿಯುವ ಮುಂಚೆ ಪೆಟ್ಟಿಗೆ ಖಾಲಿಯಾಗಿ ಅಪ್ಪ ನಶ್ಯಕ್ಕೆ ಅವ್ವನ ಹತ್ತಿರ ಕೇಳಿದ. ಅವ್ವ ತಕ್ಷಣ ಕೊಟ್ಟಳು. ಯಾಕೆ, ಎಷ್ಟು ಅಂತ ಕೇಳಲಿಲ್ಲ. ಅಪ್ಪ ದುಡ್ಡು ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಅವನಿಗೆ ಏನನ್ನಿಸಿತು ಅಂತ ಕೇಳುವ ಆಸೆ ನನಗೆ ಬಹಳ ಇತ್ತು. ಕೇಳಿದೆ ಕೂಡ. "ಏನಿಲ್ಲ ಕಣಮ್ಮಿ, ಹಿಂಗೇ" ಅಂದ.

ಅಕ್ಕನ ಬಟವಾಡೆ ಮಾತ್ರ ಹಳೆಯ ದಾರಿಯಲ್ಲೇ ನಡೆಯಿತು. ಫ್ಯಾಕ್ಟರಿಯಿಂದ ಅಪ್ಪನ ಕೈಗೆ, ಅಪ್ಪನ ಕೈಯಿಂದ ಪೆಟ್ಟಿಗೆಗೆ. ಅದು ಮದುವೆಯ ದುಡ್ಡು ಅನ್ನುವುದನ್ನು ಅವ್ವನೂ ಒಪ್ಪಿದ್ದಳು. ಅದೇ ಅವ್ವ ಇದನ್ನು ಹೇಗೆ ಒಪ್ಪಿದಳು ಅನ್ನುವುದು ನನಗೆ ಈಗಲೂ ಬಗೆಹರಿದಿಲ್ಲ. ಆ ದುಡ್ಡಿನಲ್ಲಿ ಸರ ಮಾಡಿಸಿದರು, ಚಪ್ಪರ ಹಾಕಿಸಿದರು, ಅಕ್ಕನನ್ನು ಯಳಂದೂರಿಗೆ ಕೊಟ್ಟರು. ಫ್ಯಾಕ್ಟರಿ ಕೆಲಸ ಅಲ್ಲಿಗೆ ನಿಂತಿತು.

ನಾನು ಹೈಸ್ಕೂಲು ಮುಗಿಸಿ ಟೀಚರ್ ಟ್ರೈನಿಂಗ್ ಮಾಡಿದೆ. ಎಪ್ಪತ್ತರ ಹೊತ್ತಿಗೆ ರಾಮಾಪುರದ ಸ್ಕೂಲಿಗೆ ಹಾಕಿದರು. ಮೊದಲ ಸಂಬಳ ತೆಗೆದುಕೊಂಡ ಶನಿವಾರ ಬಸ್ಸು ಹತ್ತಿ ಹನೂರಿನ ಮೇಲೆ ಊರಿಗೆ ಬಂದೆ. ಅಕ್ಕ ಕೂಸಿನೊಂದಿಗೆ ತವರಿಗೆ ಬಂದಿದ್ದಳು. ದುಡ್ಡು ಯಾರ ಕೈಗೆ ಕೊಡಲಿ ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ಅವ್ವ ಅಪ್ಪನ ಮುಖ ನೋಡದೆ, "ನಿಂಗೆಷ್ಟ್ ಬೇಕೋ ಮೊದ್ಲು ತಗದಿಟ್ಕ. ಮಿಕ್ಕುದ್ದ ಆಮೇಲೆ ಯೋಳು" ಅಂದಳು. ಅಪ್ಪ ಹೌದು ಹೌದು ಅಂದ. ಅಕ್ಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಇದನ್ನೆಲ್ಲ ಕೇಳುತ್ತಿದ್ದಳು.

ಅವ್ವ ಒಳಗೆ ಹೋದ ಮೇಲೆ ಅಕ್ಕ, "ದಾರೀಲಿ ಏನಾರ ಕೊಂಡ್ಯಾ?" ಅಂದಳು.

"ಬಸ್ಟ್ಯಾಂಡ್ ಮುಂದಿನ ಹೋಟ್ಲಲ್ಲಿ ಕಾಪಿ ಕುಡ್ದೆ. ಫ್ಯಾಮಿಲಿ ರೂಮಲ್ಲಿ ಒಬ್ಳೇ ಕುಂತ್ಕಂಡು" ಅಂದೆ, ಜಂಬದಿಂದಲೇ.

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ಕೂಸಿನ ತಲೆ ಸವರುತ್ತ, "ಪ್ರತಿ ಬಟವಾಡೆಗೂ ಆ ಹೋಟ್ಲು ಮುಂದ್ಲಿಂದ್ಲೇ ಬರ್ತಿದ್ದೆ ಕಣೇ" ಅಂದಳು. "ಒಳ್ಗೋಗಿ ಒಂದ್ ಕಾಪಿ ಕುಡಿಯಾನ ಅನ್ಸೋದು. ದುಡ್ಡು ಕೈಲೇ ಇರ್ತಿತ್ತು. ಅದು ನಂದು ಅಂತ ಒಂದಿನಾನೂ ಹೊಳೀಲೇ ಇಲ್ಲ."